ಹಸಿರು ವೈರಿಗೆ ಆರು ಫೂಟಿನ ತಗ್ಗು

ತಕರಾರು ಹುಟ್ಟಿದ್ದು ಒಂದು ಹಸಿರು ವೈರಿನಿಂದ. ಹೊಸ ಎ.ಸಿ.ಗೆಂದು ಎಳೆದ ಮೂರು ವೈರುಗಳಲ್ಲಿ ಕೆಂಪಿಗೆ ಒಂದು ನೆಲೆ ಸಿಕ್ಕಿತ್ತು, ಕರಿಯದಕ್ಕೂ ಸಿಕ್ಕಿತ್ತು. ಹಸಿರು ಮಾತ್ರ ಮದುವೆಯ ಪಂಕ್ತಿಯಲ್ಲಿ ಎಲೆ ಸಿಗದೆ ನಿಂತ ಬೀಗನ ಹಾಗೆ ಗೋಡೆಯಿಂದ ಇಳಿಬಿದ್ದಿತ್ತು.

"ಇದನ್ನ ನಳಕ್ಕ ಕಟ್ಟಿಬಿಡ್ತೇನಿ," ಎಂದರು ಎಲೆಕ್ಟ್ರಿಶಿಯನ್ ಮುರ್ತುಜಸಾಬರು. ಬಾದಾಮಿಯ ಅರ್ಧ ಊರಿಗೆ ಮೂವತ್ತು ವರ್ಷದಿಂದ ವೈರು ಎಳೆದ ಕೈ ಅವರದು. ಅವರ ಮಾತಿಗೆ ಯಾರೂ ಎದುರಾಡಿದ್ದಿಲ್ಲ.

ಮುತ್ತುರಾಜ ಎದುರಾಡಿದ. "ನಳಕ್ಕ ಬ್ಯಾಡ್ರಿ ಚಾಚಾ. ಎ.ಸಿ. ಪುಸ್ತಕದಾಗ ಬ್ಯಾರೆ ಬರದಾರ. ಅದ ನಳದಾಗ ನನ್ನ ಹೆಂಡ್ತಿ ನೀರ ತುಂಬತಾಳ."

ಮುತ್ತುರಾಜ ರಾತ್ರಿ ಬಸ್ಸಿನ ಡ್ರೈವರ್. ಸಂಜೆ ಎಂಟಕ್ಕೆ ಬಾದಾಮಿ ಬಿಟ್ಟರೆ ಹುನಗುಂದ, ಇಳಕಲ್ಲು ದಾಟಿ ಹೊಸಪೇಟೆ ಮುಟ್ಟಿ, ತಿರುಗಿ ಮನೆಗೆ ಬರುವಾಗ ಬೆಳಗಿನ ಆರು. ಊರೆಲ್ಲ ಎದ್ದು ಹಲ್ಲುಜ್ಜುವಾಗ ಅವನು ಮಲಗಬೇಕು. ಆದರೆ ಮೇ ತಿಂಗಳಲ್ಲಿ ಹಿಂದಿನ ಕೆಂಪು ಗುಡ್ಡವೂ, ತಲೆಯ ಮೇಲಿನ ಕಲ್ಲು ಚಪ್ಪಡಿಯೂ ಸೇರಿ ಅವನ ಖೋಲಿಯನ್ನು ರೊಟ್ಟಿಯ ಹಂಚು ಮಾಡಿಬಿಟ್ಟಿದ್ದವು. ಎಡಮಗ್ಗಲು ಬೆಂದಿತೆಂದು ಬಲಕ್ಕೆ ಹೊರಳಿದರೆ ಅದೂ ಬೇಯುತ್ತಿತ್ತು. ಎಂಟು ದಿನದ ಹಿಂದೆ ಹುನಗುಂದದ ಕ್ರಾಸಿನ ಹತ್ತಿರ ಸ್ಟೇರಿಂಗ್ ಹಿಡಿದಂತೆಯೇ ಅವನ ಕಣ್ಣು ಮುಚ್ಚಿತು. ತೆರೆದಾಗ ಎದುರಿಗೆ ಹೊಟ್ಟಿನ ಲಾರಿ. ಹೇಗೋ ಬಸ್ಸು ಪಕ್ಕಕ್ಕೆ ಸರಿಯಿತು. ಹಿಂದೆ ನಲವತ್ತೆರಡು ಜನ ಅವನನ್ನು ನಂಬಿ ಗೊರಕೆ ಹೊಡೆಯುತ್ತಿದ್ದರು, ಒಬ್ಬರೂ ಏಳಲಿಲ್ಲ. ಈ ಸಂಗತಿ ಅವನು ಹೆಂಡತಿ ಸುನಂದಾಳಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅವತ್ತೇ ಅವಳ ಮುಂದೆ ಆಣೆ ಮಾಡಿದ: ಆರು ತಾಸು ನಿದ್ದೆಯಾಗದೆ ಇನ್ನು ಗಾಡಿ ಮುಟ್ಟುವುದಿಲ್ಲ.

ಈ ಎಂಟು ದಿನ ಅಲ್ಲಿ ಇಲ್ಲಿ ನೆರಳು ಹುಡುಕಿ, ತುಂಡು ತುಂಡಾಗಿ ಹೇಗೋ ಆರು ತಾಸು ತುಂಬಿಸಿಕೊಂಡಿದ್ದ. ಹಾಗೆ ಬಂದದ್ದು ಎ.ಸಿ. ಮಕ್ಕಳು ರಜೆಗೆಂದು ಇಳಕಲ್ಲಿನ ಅಜ್ಜಿಯ ಮನೆಗೆ ಹೋಗಿದ್ದರು. ಹನ್ನೊಂದಕ್ಕೆ ಕೆಲಸ ಮುಗಿದರೆ ಸಂಜೆ ಆರರ ತನಕ ಹೆಣದ ಹಾಗೆ ಮಲಗುವುದು, ಎಂಟಕ್ಕೆ ಬಸ್ಸು ಹತ್ತುವುದು. ಲೆಕ್ಕಾಚಾರ ಸರಿಯಾಗಿಯೇ ಇತ್ತು, ಹಸಿರು ವೈರು ಬರುವ ತನಕ.

ಪಕ್ಕದ ಮನೆಯ ಅಮೀನಪ್ಪ ಕಾಕಾ ಕಂಪೌಂಡಿನ ಮೇಲೆ ಗಲ್ಲ ಊರಿ ಎಲ್ಲವನ್ನೂ ಕೇಳುತ್ತಿದ್ದರು. ರಿಟೈರಾದ ದಿನದಿಂದ ಅವರ ಗಲ್ಲಕ್ಕೆ ಆ ಕಂಪೌಂಡೇ ಕಚೇರಿ. "ನಮ್ಮ ಫ್ರಿಜ್ಜಿಂದು ಇಪ್ಪತ್ತು ವರ್ಷದಿಂದ ನಳಕ್ಕ ಐತಿ ತಮ್ಮಾ. ನೀರ ಹಿಡಿಯೋ ಮುಂದ ಜರಾ ಜುಮ್ ಅಂತೈತಿ, ಅಷ್ಟ. ಅದರಿಂದ ನಿಮ್ಮ ಕಾಕಿ ಮಣಕಾಲ ಬ್ಯಾನಿ ಹೋತು."

ಒಳಗಿನಿಂದ ಅವರ ಹೆಂಡತಿ ಶೇಖವ್ವ, ಎಡಗಾಲಿನದು ಮಾತ್ರ ಹೋಗಿದೆ, ಬಲಗಾಲಿನದು ಇನ್ನೂ ಇದೆ ಎಂದು ತಿದ್ದಿದಳು.

ಮುತ್ತುರಾಜನಿಗೆ ಮೈ ಜುಮ್ಮೆಂದಿತು. ಮನೆಯವರಿಗೆ ಕರೆಂಟು ಹೊಡೆಸಿ ತಾನು ತಂಪಾಗಿ ಮಲಗುವ ಗಂಡಸು ತಾನಲ್ಲ ಎಂದ. ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ ಆಗಬೇಕು. ಮೀಟರಿನಿಂದ ಬೇರೆ ದಪ್ಪ ವೈರು, ಬೇರೆ ಸ್ವಿಚ್ಚು, ಹೊರಗಿನ ಪೆಟ್ಟಿಗೆಗೆ ಗೋಡೆಯಲ್ಲಿ ಗಟ್ಟಿ ಬೋಲ್ಟು, ಹಸಿರು ವೈರಿಗೆ ಅದರದೇ ಅರ್ಥಿಂಗ್, ಅಂದರೆ ಸೋರಿದ ಕರೆಂಟು ಮಣ್ಣಿಗಿಳಿಯುವ ದಾರಿ. ರೂಲ್ ಅಂದರೆ ರೂಲ್.

"ರೂಲ್ ಬೇಕಂದ್ರ ಆರು ಫೂಟ ತಗ್ಗ ತಗೀಬೇಕಪಾ," ಎಂದರು ಮುರ್ತುಜಸಾಬರು. "ತಗ್ಗ ತಗಿಯೋದು ನನ್ನ ಕೆಲಸ ಅಲ್ಲ."

ಮುತ್ತುರಾಜ ಲುಂಗಿ ಮೇಲಕ್ಕೆ ಕಟ್ಟಿ, ಹಾರೆ-ಗುದ್ದಲಿ ಹಿಡಿದು ಅಂಗಳಕ್ಕೆ ಇಳಿದ. ರಾತ್ರಿಯಿಡೀ ಗಾಡಿ ಹೊಡೆದ ಕೈ. ಮೇಲಿನ ಒಂದು ಫೂಟು ಮಣ್ಣು ಬೆಣ್ಣೆಯಂತೆ ಬಂತು. ಆಮೇಲೆ ಹತ್ತಿದ ಗರಸು ಮಣ್ಣು ಹಳೆಯ ಸಾಲಗಾರನಂತೆ, ಎಷ್ಟು ಗುದ್ದಿದರೂ ಹಿಡಿಯಷ್ಟೇ ಬಿಡುತ್ತಿತ್ತು. ಮುರ್ತುಜಸಾಬರು ಹೇಳಿದಂತೆ ಸುನಂದಾ ಅಂಗಡಿಯಿಂದ ಒಂದು ಚೀಲ ಹರಳುಪ್ಪು, ಕಮ್ಮಾರನಿಂದ ಒಂದು ಚೀಲ ಇದ್ದಲಿ ತರಿಸಿದಳು. ತಗ್ಗಿನಲ್ಲಿ ಪೈಪು ನಿಲ್ಲಿಸಿ, ಸುತ್ತ ಇವೆರಡನ್ನೂ ಪದರು ಪದರಾಗಿ ತುಂಬಿ ನೀರು ಹೊಯ್ಯಬೇಕಿತ್ತು. ಗಂಡ ದಾರಿ ತಪ್ಪಬಾರದೆಂದು ಅವಳು ತಗ್ಗಿನ ದಂಡೆಯಲ್ಲಿ ಕೂತು ಎ.ಸಿ.ಯ ಇಂಗ್ಲಿಷ್ ಪುಸ್ತಕವನ್ನು ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದತೊಡಗಿದಳು.

ಶೇಖವ್ವ ಕಂಡದ್ದು ಇಷ್ಟು: ನಡುಅಂಗಳದಲ್ಲಿ ತಗ್ಗು, ಉಪ್ಪು, ಇದ್ದಲಿ, ಅರ್ಥವಾಗದ ಭಾಷೆಯಲ್ಲಿ ಏನನ್ನೋ ಪಠಿಸುತ್ತಿರುವ ಹೆಂಗಸು, ಬೆವರು ಸುರಿಸಿ ಅಗಿಯುತ್ತಿರುವ ಗಂಡಸು.

ಬಾದಾಮಿಯಲ್ಲಿ ಇದನ್ನು ನೋಡಿದ ಯಾರಿಗಾದರೂ ಹೊಳೆಯುವುದು ಒಂದೇ. ನಿಧಿ. ಯಾರ ಮನೆಯಲ್ಲಿ ಕೇಳಿದರೂ ಯಾರದೋ ಮುತ್ತಜ್ಜನಿಗೆ ಗುಡ್ಡದ ಬುಡದಲ್ಲಿ ಕೊಡ ಸಿಕ್ಕ ಕತೆಯೊಂದು ಇದ್ದೇ ಇರುವ ಊರು ಅದು. ಹನ್ನೊಂದು ಗಂಟೆಗೆ ಕಂಪೌಂಡಿನ ಮೇಲೆ ಎಂಟು ಗಲ್ಲಗಳಿದ್ದವು.

ಮುತ್ತುರಾಜ ಅರ್ಥಿಂಗ್ ಎಂದ. ಯಾರೂ ನಂಬಲಿಲ್ಲ. ಕಣ್ಣಿಗೆ ಕಾಣದ ಕರೆಂಟಿಗಾಗಿ ಈ ಬಿಸಿಲಿನಲ್ಲಿ ಆರು ಫೂಟು ಅಗಿಯುವ ಹುಚ್ಚ ಯಾರಿದ್ದಾನೆ ಎಂದು ಅಮೀನಪ್ಪ ಕಾಕಾ ಎಲ್ಲರ ಪರವಾಗಿ ಕೇಳಿದರು. ಮುತ್ತುರಾಜ ಮುರ್ತುಜಸಾಬರನ್ನು ಸಾಕ್ಷಿಗೆ ಕರೆದ. ಮುರ್ತುಜಸಾಬರು ಒಳಗಿನಿಂದಲೇ, ನಳಕ್ಕೆ ಕಟ್ಟುತ್ತೇನೆಂದು ನಾನು ಮೊದಲೇ ಹೇಳಿದ್ದೆ ಎಂದರು. ಅದು ಜನರ ಸಂಶಯಕ್ಕೆ ಮೊಹರು ಒತ್ತಿತು.

ಅಮೀನಪ್ಪ ಕಾಕಾ ಕಂಪೌಂಡು ಸುತ್ತಿ ಬಂದು ದನಿ ತಗ್ಗಿಸಿದರು. "ನೋಡು ತಮ್ಮಾ, ನಿನ್ನ ಅಂಗಳ ಖರೆ. ಆದರ ಭೂಮಿ ಒಳಗಿಂದು ಯಾರಪ್ಪಂದೂ ಅಲ್ಲ. ನಾವೆಲ್ಲಾ ಕೈ ಹಚ್ಚತೇವಿ. ಬಂದದ್ದರಾಗ ಸಮಪಾಲು."

ಮುತ್ತುರಾಜ ಬೈಯಲೆಂದು ಬಾಯಿ ತೆರೆದ. ಆಗಿದ್ದದ್ದು ಮೂರು ಫೂಟು, ಅಂಗೈಯಲ್ಲಿ ನಾಲ್ಕು ಗುಳ್ಳೆ, ಕಣ್ಣಲ್ಲಿ ರಾತ್ರಿಯಿಡೀ ಎಚ್ಚರವಿದ್ದ ಉರಿ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ. "ಆತ್ರಿ ಕಾಕಾ. ಆದರ ಆರು ಫೂಟ ಆಗೂತನಕ ನಿಲ್ಲಬಾರದು," ಎಂದು ಹಾರೆಯನ್ನು ಅವರ ಕೈಗೆ ಕೊಟ್ಟು ಬೇವಿನ ನೆರಳಿಗೆ ಹೋಗಿ ಕೂತ.

ಆಮೇಲೆ ನಡೆದದ್ದನ್ನು ನೋಡಿ ಅವನಿಗೆ ಓಣಿಯ ಮೇಲೆ ಪ್ರೀತಿಯೇ ಬಂತು. ತಮ್ಮದೇ ಮಗಳ ಮದುವೆಗೆ ಚಪ್ಪರದ ಕಂಬ ಹುಗಿಯಲು ಕರೆದರೂ ಬಾರದಿದ್ದ ಅಮೀನಪ್ಪ ಕಾಕಾ ಅಂಗಿ ಬಿಚ್ಚಿ ತಗ್ಗಿಗೆ ಇಳಿದಿದ್ದರು. ಶೇಖವ್ವ ಮಣಕಾಲು ಮರೆತು ಬುಟ್ಟಿ ಹೊತ್ತಳು. ಬಾಕಿಯವರು ಪಾಳಿ ಹಚ್ಚಿದರು. ಒಳಗೆ ಮುರ್ತುಜಸಾಬರು ಗೋಡೆ ಕೊರೆದು, ಎ.ಸಿ.ಯ ಪೈಪು ಜೋಡಿಸಿ, ಮಷೀನು ಹಚ್ಚಿ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು, ಕಿಡಕಿಯ ಸಂದಿಗಳಿಗೆ ಪಟ್ಟಿ ಅಂಟಿಸಿ, ರೂಲಿನ ಕೆಲಸವನ್ನು ಗೊಣಗುತ್ತಲೇ ಮುಗಿಸುತ್ತಿದ್ದರು. ಮುತ್ತುರಾಜ ಕಣ್ಣು ಮುಚ್ಚಿದರೆ ಸಾಕು, ಯಾರೋ ಬಂದು ಭುಜ ಅಲುಗಿಸಿ, ನಿಧಿ ಯಾವ ಮೂಲೆಯಲ್ಲಿದೆ ನಿಜ ಹೇಳು ಎಂದು ಕೇಳುತ್ತಿದ್ದರು. ಹೀಗಾಗಿ ಒಂದು ಜೊಂಪೂ ಹತ್ತಲಿಲ್ಲ.

ಮೂರು ಗಂಟೆಗೆ ಹಾರೆ ಠಣ್ ಎಂದಿತು.

ಓಣಿಗೆ ಓಣಿಯೇ ತಗ್ಗಿನೊಳಗೆ ಬಾಗಿತು. ಮಣ್ಣು ಸರಿಸಿ, ಹಗ್ಗ ಹಾಕಿ, ಆರು ಜನ ಎಳೆದರೆ ಮೇಲೆ ಬಂದದ್ದು ಮೂರು ಫೂಟಿನ ಒಂದು ಕೆಂಪು ಕಲ್ಲು. ಅದರ ಮೇಲೆ ಮೀಸೆಯ ಮನುಷ್ಯನೊಬ್ಬ ಕತ್ತಿ ಎತ್ತಿ ನಿಂತಿದ್ದ, ಕಾಲ ಹತ್ತಿರ ಎರಡು ಆಕಳು. ಅವನ ಕೆಳಗಾದರೂ ಕೊಡವಿರಬಹುದೆಂದು ಇನ್ನೂ ಒಂದು ಫೂಟು ಅಗಿದರು. ಹರಿದ ಚಪ್ಪಲಿಯೊಂದು ಸಿಕ್ಕಿತು. ಜನ ಮೈ ಕೊಡವಿಕೊಂಡು, ಮುತ್ತುರಾಜ ತಮಗೆ ಮೋಸ ಮಾಡಿದನೆಂಬಂತೆ ನೋಡುತ್ತ ಒಬ್ಬೊಬ್ಬರೇ ಚದುರಿದರು. ಅಮೀನಪ್ಪ ಕಾಕಾ ಮಾತ್ರ ಕಲ್ಲನ್ನು ಬಹಳ ಹೊತ್ತು ನೋಡಿ, ಫೋನು ಹಿಡಿದು ಮನೆಯೊಳಗೆ ಹೋದರು.

ಮುತ್ತುರಾಜನಿಗೆ ಕಲ್ಲಿನ ಚಿಂತೆ ಇರಲಿಲ್ಲ. ಅವನಿಗೆ ಆರು ಫೂಟು ಬೇಕಿತ್ತು, ಏಳು ಸಿಕ್ಕಿತ್ತು. ಪೈಪು ನಿಂತಿತು, ಇದ್ದಲಿ ಬಿತ್ತು, ಉಪ್ಪು ಬಿತ್ತು, ನೀರು ಬಿತ್ತು. ಹಸಿರು ವೈರಿಗೆ ಕಡೆಗೂ ಎಲೆ ಸಿಕ್ಕಿತು. ಮುರ್ತುಜಸಾಬರು ಮೀಟರು ಹಿಡಿದು ನೋಡಿ, ಹುಬ್ಬು ಏರಿಸಿ, ಇಂಥ ಅರ್ಥಿಂಗ್ ಊರಲ್ಲೇ ಇಲ್ಲ ಎಂದು ಒಪ್ಪಿಕೊಂಡು ಚಹಾ ಕುಡಿದು ಹೋದರು.

ನಾಲ್ಕೂವರೆಗೆ ಎ.ಸಿ. ಉಸಿರಾಡಿತು. ಮುತ್ತುರಾಜ ಗಾದಿಯ ಮೇಲೆ ಅಂಗಾತ ಬಿದ್ದ. ತಂಪು ಮೊದಲು ಪಾದಕ್ಕೆ ಬಂತು, ಆಮೇಲೆ ಹೊಟ್ಟೆಗೆ. ಎಂಟರೊಳಗೆ ಆರು ತಾಸು ಆಗಲಿಕ್ಕಿಲ್ಲ, ಆದರೆ ಡಿಪೋಕ್ಕೆ ಫೋನು ಮಾಡಿ ಗಾಡಿಯನ್ನು ತಡವಾಗಿ ಬಿಡಲು ಕೇಳಿದರೆ ಬಾಕಿ ತಾಸುಗಳೂ ತುಂಬಿಯಾವು ಎಂದುಕೊಳ್ಳುವಷ್ಟರಲ್ಲಿ ರೆಪ್ಪೆ ಕೂಡಿತು.

"ಏನ್ರಿ, ಏಳ್ರಿ," ಎಂದಳು ಸುನಂದಾ. "ಜೀಪ್ ಬಂದೈತಿ."

ಜೀಪಿನಿಂದ ಇಳಿದವರು ಹಳೆಯ ಕಲ್ಲುಗಳನ್ನು ನೋಡಿಕೊಳ್ಳುವ ಆಫೀಸಿನ ಪ್ರಿಯದರ್ಶಿನಿ ಮೇಡಂ, ಜೊತೆಗೆ ಒಬ್ಬ ಪೊಲೀಸಪ್ಪ. ಹಿಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಮೀನಪ್ಪ ಕಾಕಾ. ತಮಗೆ ಸಿಗದ್ದು ಸರಕಾರಕ್ಕಾದರೂ ಸಿಗಲಿ ಎಂಬ ಉದಾರತೆ ಅವರ ಮುಖದಲ್ಲಿತ್ತು.

ಮೇಡಂ ಒಳ್ಳೆಯವರು. ಕಲ್ಲಿನ ಮುಂದೆ ಮಂಡಿಯೂರಿ ಕೂತು, ಕುಂಚದಿಂದ ಮಣ್ಣು ಒರೆಸಿ, ಊರು ಕಾಯಲು ಸತ್ತವನ ಕಲ್ಲು, ಸಾವಿರ ವರ್ಷದ ಮೇಲಿನದು ಎಂದರು. ಯಾರನ್ನೂ ಬೈಯಲಿಲ್ಲ. ಆದರೆ ಇದನ್ನು ಒಯ್ಯುವ ಗಾಡಿ ಬರುವುದು ನಾಳೆ ಬೆಳಗ್ಗೆ, ಅಲ್ಲಿಯ ತನಕ ಬಯಲಿನಲ್ಲಿ ಇಡುವಂತಿಲ್ಲ. ಗಟ್ಟಿ ಬಾಗಿಲಿರುವ, ಕಿಡಕಿ ಭದ್ರವಿರುವ, ಧೂಳೂ ಬಿಸಿಯೂ ತಾಗದ ಖೋಲಿಯೊಂದು ಬೇಕು ಎಂದರು.

ಓಣಿ ಒಂದೇ ಬೆರಳಿನಿಂದ ಮುತ್ತುರಾಜನ ಖೋಲಿ ತೋರಿಸಿತು.

ಮುತ್ತುರಾಜ ಬಾಗಿಲಿಗೆ ಅಡ್ಡ ನಿಂತ. ಈ ಖೋಲಿ ತನಗಾಗಿ, ಪುಸ್ತಕದ ಒಂದೊಂದು ಸಾಲು ಪಾಲಿಸಿ ಮಾಡಿದ್ದು, ಕಲ್ಲಿಗಾಗಿ ಅಲ್ಲ ಎಂದ. ಮೇಡಂ ಚೀಲದಿಂದ ತಮ್ಮ ಪುಸ್ತಕ ತೆಗೆದು ಸಂಬಂಧಪಟ್ಟ ಸಾಲಿನ ಮೇಲೆ ಬೆರಳಿಟ್ಟರು.

"ರೂಲ್ ಅಂದ್ರ ರೂಲ್ ಅಂತ ನೀವ ಅಂದ್ರಂತ. ಕಾಕಾ ಹೇಳಿದ್ರು."

ಆರು ಜನ ಕಲ್ಲನ್ನು ಹೊತ್ತು ಒಳಗೆ ತಂದರು. ನೆಲಕ್ಕೆ ತಾಗಿ ಚಕ್ಕೆ ಏಳಬಾರದೆಂದು ಮೇಡಂ ಅದನ್ನು ಗಾದಿಯ ಮೇಲೆ ಮಲಗಿಸಿದರು, ಮೇಲೆ ಮೆತ್ತನೆಯ ಚಾದರ ಹೊದಿಸಿದರು. ಬೀಗ ಬಿತ್ತು, ಬೀಗಕ್ಕೆ ಬಟ್ಟೆ, ಬಟ್ಟೆಗೆ ಅರಗಿನ ಮೊಹರು. ಎ.ಸಿ. ಆರಿಸುವುದು ಯಾರಿಗೂ ನೆನಪಾಗಲಿಲ್ಲ. ನೆನಪಾದಾಗ ರಿಮೋಟೂ ಸ್ವಿಚ್ಚೂ ಮೊಹರಿನ ಆಚೆಗಿದ್ದವು. ಇರಲಿ ಬಿಡಿ, ಕಲ್ಲಿಗೆ ಒಳ್ಳೆಯದೇ ಎಂದರು ಮೇಡಂ.

ಮುತ್ತುರಾಜನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಂವ ಸಾವಿರ ವರ್ಷ ಮಣ್ಣಾಗ ಮಲಗ್ಯಾನ್ರಿ ಮೇಡಂ. ಇನ್ನೂ ಎಷ್ಟ ನಿದ್ದಿ ಬೇಕಂತ ಅವಂಗ? ಮಲಗದವ ನಾ. ಎಂಟ ದಿನದ ಹಿಂದ ನಲವತ್ತೆರಡ ಮಂದಿನ್ನ ಕೊಂದಬಿಡತಿದ್ದೆ. ಇವತ್ತ ನಾ ಗಾಡಿ ಹತ್ತಂಗಿಲ್ಲ. ನೌಕರಿ ಹೋದರೂ ಹತ್ತಂಗಿಲ್ಲ. ಬರಕೋರಿ ಇದನ್ನೂ."

ಓಣಿಗೆ ಆ ಎಂಟು ದಿನದ ಹಿಂದಿನ ಸಂಗತಿ ಆಗಷ್ಟೇ ತಿಳಿಯಿತು. ಶೇಖವ್ವ ಸೆರಗು ಬಾಯಿಗೆ ಹಿಡಿದಳು. ಮೇಡಂ ಅವನ ಕಣ್ಣುಗಳನ್ನು ನೋಡಿದರು. ಅವು ಕಲ್ಲಿಗಿಂತ ಕೆಂಪಾಗಿದ್ದವು.

"ನೀವು ಅನ್ನೋದು ಬರೋಬ್ಬರಿ ಐತಿ," ಎಂದರು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಡಿಪೋದವರಿಗೆ ಪತ್ರ ಬರೆದು ಓದಿದರು: ಈ ಚಾಲಕರು ಇಂದು ರಾತ್ರಿ ಸರಕಾರಿ ಕೆಲಸದಲ್ಲಿರುವುದರಿಂದ ಇವರನ್ನು ಬಸ್ಸಿನ ಕೆಲಸದಿಂದ ಬಿಡತಕ್ಕದ್ದು, ರಜೆಯೆಂದು ಹಿಡಿಯತಕ್ಕದ್ದಲ್ಲ.

ಮುತ್ತುರಾಜನ ಎದೆಗೆ ಎ.ಸಿ.ಗಿಂತ ತಂಪಾದದ್ದೇನೋ ಇಳಿಯಿತು. ಖೋಲಿ ಹೋದರೆ ಹೋಗಲಿ. ಬೇವಿನ ಕೆಳಗೆ ಚಾಪೆ ಹಾಸಿದರೂ ಸಾಕು, ಇಡೀ ರಾತ್ರಿ ತನ್ನದು, ಅದೂ ಪಗಾರದ ಸಮೇತ. ಗೆದ್ದೆ ಎಂದುಕೊಂಡು ಮೇಡಂ ತೋರಿಸಿದಲ್ಲಿ ಸಹಿ ಮಾಡಿದ. ಆಮೇಲೆ, ಸರಕಾರಿ ಕೆಲಸವೆಂದರೆ ಯಾವುದು ಎಂದು ಕೇಳಿದ.

ಮೇಡಂ ಕಾಗದದ ಹಿಂಬದಿ ತೋರಿಸಿದರು. ವಸ್ತು ಸಿಕ್ಕ ಜಾಗದ ಮಾಲೀಕನು ಬೆಳಗ್ಗೆ ಗಾಡಿ ಬರುವ ತನಕ ಮೊಹರಿನ ಮುಂದೆ ಕೂತು, ಕಣ್ಣು ಮುಚ್ಚದೆ ಕಾಯತಕ್ಕದ್ದು. ಅವನು ಎಚ್ಚರವಿದ್ದಾನೆಂಬುದಕ್ಕೆ ನೆರೆಯ ಅಮೀನಪ್ಪನವರು ಸಾಕ್ಷಿ.

ಎಂಟಕ್ಕೆ ಬಸ್ಸು ಓಣಿಯ ತುದಿಗೆ ಬಂತು. ಅವನ ಬದಲಿಗೆ ಹತ್ತಿದ್ದ ಮಹಾಂತೇಶ ವೇಗ ತಗ್ಗಿಸಿ, ಎರಡು ಸಲ ಹಾರ್ನ್ ಹೊಡೆದು, ಕಿಡಕಿಯಿಂದ ತಲೆ ಹೊರಗೆ ಹಾಕಿದ. "ಮುತ್ತಣ್ಣಾ, ಪುಣ್ಯ ಮಾಡಿದಿ ಬಿಡು. ನಾ ಹಗಲೆಲ್ಲಾ ಮಲಗಿ ಬಂದೇನಿ, ಗಾಡಿ ಚಿಂತಿ ಮಾಡಬ್ಯಾಡ. ಎ.ಸಿ. ಹಚಗೊಂಡು ಆರಾಮ ಮಲಗು."

ಅಂಗಳದ ಕಡೆಯ ಬಾಗಿಲಲ್ಲಿ, ಮೊಹರಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮುತ್ತುರಾಜ ಉತ್ತರಕ್ಕೆಂದು ಬಾಯಿ ತೆರೆದ. ಬಂದದ್ದು ಆಕಳಿಕೆ.

ಕಂಪೌಂಡಿನ ಆಚೆ ಟಾರ್ಚು ಹೊತ್ತಿತು. "ಎಂಟೂ ಎರಡಕ್ಕ ಒಂದು ಆಕಳಿಕಿ," ಎಂದರು ಅಮೀನಪ್ಪ ಕಾಕಾ. "ಬರಕೊಂಡೆ ತಮ್ಮಾ."

ಮುತ್ತುರಾಜ ಕುರ್ಚಿಯನ್ನು ಅವರ ಕಡೆಗೇ ತಿರುಗಿಸಿಕೊಂಡ. ಬೆಳಕು ಗಂಟಲ ತನಕ ಬೀಳುವಂತೆ ಬಾಯಿ ಅಗಲಿಸಿ, ಎರಡನೆಯದನ್ನು ಸಾವಕಾಶವಾಗಿ, ಪೂರ್ತಿಯಾಗಿ ಆಕಳಿಸಿದ.