ಉದ್ಘಾಟನೆಗೆ ಮುನ್ನ ಕೈ ತೊಳೆದ ಪ್ರಕರಣ

ಶೀತ, ಕೆಮ್ಮು ಮತ್ತು ಜ್ವರಗಳು ಕೈಯಿಂದ ಕೈಗೆ ಹರಡುತ್ತವೆ ಎಂಬುದನ್ನು ನಮ್ಮ ನೀರು ಸರಬರಾಜು ಕಚೇರಿಯು ಈ ಚಳಿಗಾಲದ ಆರಂಭದಲ್ಲಿ ಸುತ್ತೋಲೆಯ ಮೂಲಕ ಒಪ್ಪಿಕೊಂಡಿತು. ಅದಕ್ಕೂ ಮೊದಲು ಅವು ಹೇಗೆ ಹರಡುತ್ತಿದ್ದವು ಎಂಬ ಬಗ್ಗೆ ಕಚೇರಿಗೆ ಯಾವುದೇ ಅಧಿಕೃತ ನಿಲುವು ಇರಲಿಲ್ಲ.

ಸುತ್ತೋಲೆಯಂತೆ ಮೆಟ್ಟಿಲ ಪಕ್ಕದಲ್ಲಿ ಹೊಸ ಬೇಸಿನ್ ಬಂತು. ಬಿಳಿ ಪಿಂಗಾಣಿ, ಹೊಳೆಯುವ ನಲ್ಲಿ, ಮೇಲೊಂದು ಕನ್ನಡಿ, ನಿಂಬೆ ವಾಸನೆಯ ಸೋಪು. ನಲ್ಲಿ ತಿರುಗಿಸಿದರೆ ನೀರೂ ಬರುತ್ತಿತ್ತು. ನಮ್ಮ ಇಲಾಖೆಯಲ್ಲಿ ಇದು ಸಣ್ಣ ಮಾತಲ್ಲ. ಕೂಡಲೇ ಮ್ಯಾನೇಜರು ಅದಕ್ಕೆ ಕೆಂಪು ರಿಬ್ಬನ್ ಕಟ್ಟಿಸಿದರು. ನಿರ್ದೇಶಕರು ಬಂದು ಮೊದಲು ಕೈ ತೊಳೆಯುವವರೆಗೆ ಬೇರೆ ಯಾರೂ ಅದನ್ನು ಬಳಸಕೂಡದು, ಬಳಸಿದಲ್ಲಿ ಅದನ್ನು 'ಅವಧಿಪೂರ್ವ ಸ್ವಚ್ಛತೆ' ಎಂದು ಪರಿಗಣಿಸಿ ಕ್ರಮ ಜರುಗಿಸಲಾಗುವುದು ಎಂಬ ಪ್ರಕಟಣೆ ಗೋಡೆಗೆ ಬಂತು. ಹಿತ್ತಲಿನ ಹಳೆಯ ನಲ್ಲಿಯನ್ನು ಅಂದೇ ಕಿತ್ತುಹಾಕಲಾಯಿತು. ಒಂದು ಕಚೇರಿಗೆ ಎರಡು ಕಡೆ ಕೈ ತೊಳೆಯಲು ನಿಯಮದಲ್ಲಿ ಅವಕಾಶವಿಲ್ಲ.

ಅಷ್ಟರಲ್ಲಿ ನಿರ್ದೇಶಕರಿಗೇ ಶೀತವಾಗಿ ಸಮಾರಂಭ ಮುಂದಕ್ಕೆ ಹೋಯಿತು. ನಾವೆಲ್ಲ ಸೀನುತ್ತಾ, ಮೂಗು ಒರೆಸಿದ ಕೈಯಲ್ಲೇ ಕಡತ ದಾಟಿಸುತ್ತಾ, ಶಿಸ್ತಿನಿಂದ ಕಾದೆವು.

ಕಾಯಲಾಗದವರು ಟಪಾಲು ವಿಭಾಗದ ಹೆಂಗಸು ಒಬ್ಬರೇ. ನಮಗೆಲ್ಲ ಅವರು ಟಪಾಲಕ್ಕ. ಊರವರೆಲ್ಲ ಎಂಜಲು ಹಚ್ಚಿ ಅಂಟಿಸಿದ ಲಕೋಟೆಗಳು ದಿನವಿಡೀ ಅವರ ಕೈಯಲ್ಲಿ. ಮನೆಯಲ್ಲಿ ತಾಯಿ ನ್ಯುಮೋನಿಯಾದಿಂದ ಆಗಷ್ಟೇ ಚೇತರಿಸಿಕೊಂಡಿದ್ದರು. ಇನ್ನೊಮ್ಮೆ ಶೀತ ತಗುಲಿದರೆ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಹೋಗಿಯೇ ತೊಳೆಯೋಣವೆಂದರೆ, ಬಾಗಿಲಲ್ಲೇ ತಾಯಿ ಮಗಳ ಎರಡೂ ಕೈ ಹಿಡಿದುಕೊಳ್ಳುತ್ತಿದ್ದರು. ಇಡೀ ದಿನ ಒಬ್ಬರೇ ಇದ್ದ ಜೀವ. ಬಿಡಿಸಿಕೊಳ್ಳಲು ಟಪಾಲಕ್ಕನಿಗೆ ಮನಸ್ಸು ಬರುತ್ತಿರಲಿಲ್ಲ.

ಹೀಗಾಗಿ ಅವರು ಪ್ರತಿ ಸಂಜೆ ರಿಬ್ಬನ್ನಿನ ಕೆಳಗಿನಿಂದ ಕೈ ತೂರಿಸಿ, ಬೆರಳ ಸಂದುಗಳನ್ನೂ ಬಿಡದೆ ಸೋಪು ಹಚ್ಚಿ ತೊಳೆದುಕೊಂಡು ಮನೆಗೆ ಹೋಗತೊಡಗಿದರು. ರಿಬ್ಬನ್ನಿಗೆ ಏನೂ ಆಗಲಿಲ್ಲ. ಆದರೆ ಸೋಪು ಸವೆಯುತ್ತಿರುವುದನ್ನು ಉಗ್ರಾಣದ ಗುಮಾಸ್ತರು ಪತ್ತೆ ಹಚ್ಚಿದರು.

ತನಿಖೆ ನಡೆಯಿತು. ನಿಂಬೆ ವಾಸನೆಯಿಂದ ಅಪರಾಧಿಯನ್ನು ಹಿಡಿಯುವ ಯೋಜನೆಯಿತ್ತು. ಆದರೆ ತನಿಖೆಗೆ ಕೂತವರೆಲ್ಲರ ಮೂಗೂ ಕಟ್ಟಿತ್ತು. ಕೊನೆಗೆ ಎಲ್ಲರೂ ಸಾಲಾಗಿ ನಿಂತು ಕೈ ಚಾಚಿದೆವು. ನಮ್ಮ ಕೈಗಳನ್ನು ನೋಡಿ ಮ್ಯಾನೇಜರಿಗೆ ತೃಪ್ತಿಯಾಯಿತು. ಟಪಾಲಕ್ಕನ ಮುಂದೆ ನಿಂತುಬಿಟ್ಟರು.

"ನಿಮ್ಮ ಕೈ ಯಾಕಮ್ಮ ಇಷ್ಟು ಸ್ವಚ್ಛವಾಗಿದೆ?"

"ತೊಳೆದಿದ್ದೀನಿ ಸಾರ್."

"ಎಲ್ಲಿ?"

"ಬೇಸಿನ್ನಲ್ಲಿ."

"ಅದಿರೋದು ಕೈ ತೊಳೆಯೋಕೆ ಅಂತ ನಿಮಗೆ ಯಾರು ಹೇಳಿದ್ದು?"

"ಸುತ್ತೋಲೆಯಲ್ಲಿತ್ತು ಸಾರ್. ನಿಮ್ಮದೇ ಸಹಿ."

"ಸುತ್ತೋಲೆ ಹೊರಡಿಸೋದು ಓದೋಕಮ್ಮ. ಎಲ್ಲರೂ ಹೀಗೆ ಪಾಲಿಸ್ತಾ ಕೂತರೆ ಉದ್ಘಾಟನೆಗೆ ಏನು ಉಳಿಯುತ್ತೆ?"

"ನಮ್ಮಮ್ಮ ಉಳೀಲಿ ಅಂತ ತೊಳೆದೆ ಸಾರ್," ಎಂದರು ಟಪಾಲಕ್ಕ.

ಉಗ್ರಾಣದ ಗುಮಾಸ್ತರು ತಮ್ಮ ಚಪ್ಪಲಿ ನೋಡಿಕೊಂಡರು. ಮ್ಯಾನೇಜರು ಒಮ್ಮೆ ಸೀನಿ, ಮಾನವೀಯ ನೆಲೆಯಲ್ಲಿ ಕಡಿಮೆ ಶಿಕ್ಷೆ ವಿಧಿಸಿದರು. ಟಪಾಲಕ್ಕ ಸಮಾರಂಭಕ್ಕೆ ಬರುವಂತಿಲ್ಲ. ಅಂದು ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬರೇ ಕೂರತಕ್ಕದ್ದು.

ಕೊನೆಗೂ ನಿರ್ದೇಶಕರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬಂದರು. ರಿಬ್ಬನ್ ಕತ್ತರಿಸಿ ಕೈ ತೊಳೆದರು. ಫೋಟೋದವನು ಮುಖ ಕಾಣಲಿಲ್ಲವೆಂದಾಗ, ನೀರಿಲ್ಲದೆ ಇನ್ನೊಮ್ಮೆ ತೊಳೆದರು. ಕೆಮ್ಮುತ್ತಾ ಕೆಮ್ಮುತ್ತಾ ಸ್ವಚ್ಛತೆಯ ಬಗ್ಗೆ ದೀರ್ಘವಾಗಿ ಮಾತಾಡಿ, ಆಮೇಲೆ ಒಬ್ಬೊಬ್ಬರನ್ನೂ ಹತ್ತಿರ ಕರೆದು ಕೈ ಕುಲುಕಿದರು. ಇಂಥ ಸಜ್ಜನರು ಅಪರೂಪ. ಅವರ ಹಸ್ತಸ್ಪರ್ಶವಾದ ಕೈಯನ್ನು ಅಂದು ಯಾರೂ ತೊಳೆಯಲಿಲ್ಲ.

ಆ ವಾರ ಮುಗಿಯುವಷ್ಟರಲ್ಲಿ ಇಡೀ ಕಚೇರಿ ಹಾಸಿಗೆ ಹಿಡಿಯಿತು. ಟಪಾಲಕ್ಕ ಒಬ್ಬರೇ ಬಾಗಿಲು ತೆಗೆದರು, ದೂರು ಕೇಳಿದರು, ವಾಲ್ವ್ ತಿರುಗಿಸುವವನಿಗೆ ಫೋನ್ ಮಾಡಿದರು. ಊರಿಗೆ ಆ ದಿನಗಳಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಂತು. ಸಂಜೆ ಅವರು ನಿಧಾನವಾಗಿ, ಯಾರ ಭಯವೂ ಇಲ್ಲದೆ ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ತಾಯಿ ಚೆನ್ನಾಗಿಯೇ ಇದ್ದರು.

ನಾವು ಮರಳಿ ಬಂದ ಮೇಲೆ, ಇಡೀ ಸಿಬ್ಬಂದಿ ಮಲಗಿದ್ದಾಗ ತಾವೊಬ್ಬರೇ ಆರೋಗ್ಯವಾಗಿದ್ದುದಕ್ಕೆ ಕಾರಣ ಕೊಡಿ ಎಂದು ಅವರಿಗೆ ನೋಟಿಸು ಹೋಯಿತು. "ಶಿಕ್ಷೆಯಲ್ಲಿದ್ದೆ" ಎಂದು ಅವರು ಉತ್ತರ ಬರೆದರು. ಉತ್ತರ ಸಮಾಧಾನಕರವಾಗಿದೆ ಎಂದು ಪ್ರಕರಣ ಮುಗಿಸಲಾಯಿತು. ಕಚೇರಿ ಖಾಲಿಯಿದ್ದ ಅವಧಿಯಲ್ಲಿ ಅಲ್ಲಿ ಒಬ್ಬರಿಗೂ ಸೋಂಕು ತಗುಲದ ಕಾರಣ, ಅಭಿಯಾನ ಯಶಸ್ವಿಯಾಯಿತೆಂದು ಮೇಲಿನಿಂದ ಪ್ರಶಂಸಾಪತ್ರವೂ ಬಂತು.

ಪ್ರಶಂಸೆ ಪಡೆದ ಬೇಸಿನ್ ಕೊಳೆಯಾಗಬಾರದಲ್ಲ. ಮ್ಯಾನೇಜರು ಅದರ ಮೇಲೆ ಹೊಸ ಫಲಕ ಹಾಕಿಸಿದರು: "ಕೈ ತೊಳೆದುಕೊಂಡು ಬಂದವರು ಮಾತ್ರ ಬಳಸತಕ್ಕದ್ದು."

ಮೊದಮೊದಲು ಜನ ಫಲಕದ ಮುಂದೆ ನಿಂತು ತಬ್ಬಿಬ್ಬಾಗುತ್ತಿದ್ದರು. ಅದನ್ನು ನೋಡಲಾರದೆ ಎದುರಿನ ಕ್ಷೌರದಂಗಡಿಯವನು ಬಾಗಿಲಲ್ಲಿ ಒಂದು ಬಕೆಟ್ ನೀರು, ಮಗ್ಗು, ಸೋಪು ಇಟ್ಟ. ಈಗ ನಾವೆಲ್ಲರೂ, ಟಪಾಲಕ್ಕನೂ ಮ್ಯಾನೇಜರೂ ಸೇರಿದಂತೆ, ರಸ್ತೆ ದಾಟಿ ಅಲ್ಲಿ ಚೆನ್ನಾಗಿ ಕೈ ತೊಳೆದುಕೊಂಡು, ಮತ್ತೆ ರಸ್ತೆ ದಾಟಿ ಬಂದು ಬೇಸಿನ್ ಬಳಸುತ್ತೇವೆ. ಕಚೇರಿಯಲ್ಲಿ ಶೀತ ಬಹಳ ಕಡಿಮೆಯಾಗಿದೆ. ಎಲ್ಲ ಬೇಸಿನ್ನಿನ ಗುಣ ಎಂದು ಕ್ಷೌರದಂಗಡಿಯವನೂ ಒಪ್ಪುತ್ತಾನೆ.