ನೀರಿನಿಂದ ಎತ್ತಿದ ಮನೆ

ಬಣ್ಣದ ಪೆಟ್ಟಿಗೆ ಹಿಡಿದು ನಾನು ಎಲ್ಲಿಗೆ ಹೊರಟರೂ ಏನಾದರೊಂದು ಫಜೀತಿ ನನಗಿಂತ ಮೊದಲೇ ಹೋಗಿ ಅಲ್ಲಿ ಕೂತಿರುತ್ತಿತ್ತು. ಅರವತ್ತರ ದಶಕದ ಕೊನೆಯಲ್ಲಿ ನಾನು ಹಾಸನದ ಒಂದು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಫ್ರಾನ್ಸಿನವರು ಗೆರೆ ಎಳೆಯದೆ ಬರೀ ಬಣ್ಣದ ಚುಕ್ಕೆ ಇಟ್ಟು ಹೊಳೆ, ಮರ, ಬಿಸಿಲು ಬರೆಯುವುದನ್ನು ಪುಸ್ತಕದಲ್ಲಿ ನೋಡಿ ನನಗೂ ಹುಚ್ಚು ಹಿಡಿದಿತ್ತು. ಭಾನುವಾರ ಬಂದರೆ ಸೈಕಲ್ ಹತ್ತಿ ಶೆಟ್ಟಿಹಳ್ಳಿ ಕಡೆಯ ಹೊಳೆದಂಡೆಗೆ ಓಟ.

೧. ಮೂರು ಕಾಲಿನ ಸ್ಟ್ಯಾಂಡು

ಆಗಷ್ಟೇ ಅಣೆಕಟ್ಟಿನ ಸರ್ವೆ ನಡೆದಿತ್ತು. ಸರ್ವೆಯವರ ಮೂರು ಕಾಲಿನ ಸ್ಟ್ಯಾಂಡು ಕಂಡರೆ ಸಾಕು, ಜನ ನಡುಗುತ್ತಿದ್ದರು. ಚಿತ್ರ ಬರೆಯಲು ನಾನೂ ಅಂಥದೇ ಸ್ಟ್ಯಾಂಡು ನಿಲ್ಲಿಸಿದ ಅರ್ಧ ಗಂಟೆಗೆ ಎಳನೀರು ಬಂತು. ಕಲೆಗೆ ಸಂದ ಗೌರವವೆಂದು ಎರಡು ಕುಡಿದೆ. ಆಮೇಲೆ ತಂದವನು ಕೈಮುಗಿದ.

"ಸಾ, ನೀಲಿ ಬಣ್ಣ ವಸಿ ಕಮ್ಮಿ ಆಕಿ. ನಮ್ಮ ಗದ್ದೆ ಅಲ್ಲೇ ಐತೆ."

೨. ನೆರಳು

ದಂಡೆಯ ಮೇಲೊಂದು ಹೆಂಚಿನ ಮನೆ. ನೀರಲ್ಲಿ ಬಿದ್ದ ಅದರ ನೆರಳನ್ನು ಕೆಂಪು ಚುಕ್ಕೆಗಳಲ್ಲಿ ಇಟ್ಟು ನಾನೇ ಬೀಗುತ್ತಿದ್ದೆ. ಆ ಮನೆಯ ಗೌಡತಿ ಬಗ್ಗಿ ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ, ಆಗ್ಲೇ ನಮ್ಮನೇನ ಮುಳುಗ್ಸಿಬುಟ್ರಲ್ಲಾ ಸಾ!"

"ಅದು ನೆರಳಮ್ಮ."

"ನೆರಳೋ ಗಿರಳೋ, ಮೊದ್ಲು ಆಚೆಗೆ ತೆಗೀರಿ."

ಆಕೆ ನಿಜವಾಗಿಯೂ ಅಳುತ್ತಿದ್ದಳು. ನೆರಳನ್ನೆಲ್ಲ ಅಳಿಸಿದೆ.

ಮುಂದಿನ ಭಾನುವಾರ ಆಚೆ ದಂಡೆಯವರು ಹರಿಗೋಲು ಹತ್ತಿ ಬಂದರು. "ಇವ್ರ ಮನೇನ ನೀರಿಂದ ಎತ್ತುದ್ರಂತೆ. ಆ ನೀರ್ನ ನಮ್ಮ ಕಡೀಕೇನಾರ ತಳ್ಳುದ್ರಾ ಸಾ?"

೩. ಎರಡು ನಕ್ಷೆ

ಚಿತ್ರ ಮುಗಿದ ಮೇಲೆ ಗೌಡತಿಗೇ ಕೊಟ್ಟೆ. ಕೊಡಬಾರದಿತ್ತು.

ಮನೆ ಬಿಡಬೇಕೆಂಬ ನೋಟೀಸು ಬಂದ ದಿನ ನಾನೂ ಅಲ್ಲಿದ್ದೆ. ಅಧಿಕಾರಿ ಜಗಲಿಯ ಮೇಲೆ ಸರ್ಕಾರದ ನಕ್ಷೆ ಬಿಚ್ಚಿ, ಈ ಮನೆ ನೀರಿನಡಿಗೆ ಹೋಗುತ್ತದೆ ಎಂದರು. ಗೌಡತಿ ಒಳಗಿನಿಂದ ನನ್ನ ಚಿತ್ರ ತಂದು ಅವರ ಕೈಗಿಟ್ಟಳು.

"ಮೇಷ್ಟ್ರು ಬರ್ದವ್ರೆ, ನೋಡಿ. ನಮ್ಮನೆ ನೀರಿಂದ ಮ್ಯಾಲೈತೆ."

ನಾನು ತಲೆ ತಗ್ಗಿಸಿದೆ. ಅಧಿಕಾರಿ ಚಿತ್ರವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆ ಚುಕ್ಕೆಗಳಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಎಂಬುದು ಒಮ್ಮೊಮ್ಮೆ ನನಗೇ ತಿಳಿಯುತ್ತಿರಲಿಲ್ಲ.

"ಇದರಲ್ಲೂ ಮನೆ ಮೇಲೆ ನೀರೇ ಇದೆಯಲ್ಲಮ್ಮ," ಎಂದರು ಮೆಲ್ಲಗೆ.

"ತಿರುಗ್ಸಿ ಇಡ್ಕೊಳ್ಳಿ ಸಾ."

ತಿರುಗಿಸಿದರು. ಮನೆ ಮೇಲೆ ಬಂತು, ನೀರು ಕೆಳಗೆ ಹೋಯಿತು.

ಗೌಡತಿ ಜಗಲಿಯ ಮೇಲಿದ್ದ ನಕ್ಷೆಯತ್ತ ಕೈ ತೋರಿಸಿದಳು.

"ಈಗ ಅದ್ನೂವೆ ಅಂಗೇ ತಿರುಗ್ಸಿಬುಡಿ."