ಎಡಗಣ್ಣಿನ ಮೊಹರು

ಹೊಸ ವಸ್ತು ಏನೇ ಬರಲಿ, ಮೊಹರು ಒತ್ತುವವರೆಗೂ ಶಾಲೆಯ ಲೈಬ್ರರಿ ಮೇಷ್ಟ್ರ ಕೈಗೆ ಸಮಾಧಾನವಿರುತ್ತಿರಲಿಲ್ಲ. ಪುಸ್ತಕವಾದರೆ ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು. ಆ ಬೆಳಿಗ್ಗೆ ಬಂದದ್ದು ಪುಸ್ತಕವಲ್ಲ. ಕಣ್ಣಿಗೆ ಕಟ್ಟಿಕೊಂಡರೆ ಸಮುದ್ರದ ತಳವನ್ನೂ ಚಂದ್ರಲೋಕವನ್ನೂ ತೋರಿಸುವ ವಿಆರ್ ಕನ್ನಡಕ. ಅದಕ್ಕೆ ಪುಟಗಳೆಲ್ಲಿ? ಮೇಷ್ಟ್ರು ತಿರುಗಿಸಿ ಮುರುಗಿಸಿ ನೋಡಿ, ಎಡಗಣ್ಣಿನ ಗಾಜೇ ಮೊದಲ ಪುಟವೆಂದು ತೀರ್ಮಾನಿಸಿ, ನೇರಳೆ ಶಾಯಿಯ ಮೊಹರನ್ನು ಠಪ್ಪೆಂದು ಒತ್ತಿದರು.

ಬಲಗಣ್ಣಿಗೆ ಕೈ ಎತ್ತುವಷ್ಟರಲ್ಲಿ ವಿಜ್ಞಾನದ ಮೇಡಂ ಒಳಗೆ ಬಂದರು.

“ಸರ್, ಏನ್ ಮಾಡ್ಬಿಟ್ರಿ? ಮಧ್ಯಾಹ್ನ ತನಿಖೆಗೆ ಸಾಹೇಬ್ರು ಬರ್ತಿರೋದೇ ಇದನ್ನ ನೋಡೋಕೆ.”

ಮೇಷ್ಟ್ರ ಜೀವ ಬಾಯಿಗೆ ಬಂತು. ಬರಲಿರುವ ಕನ್ನಡಕಕ್ಕೆ ಏನಾದರೂ ಆದರೆ ಅವರನ್ನು ಆಫೀಸಿಗೆ ಹಾಕಿ ಲೈಬ್ರರಿಯನ್ನು ಬೇರೆಯವರಿಗೆ ವಹಿಸುವುದಾಗಿ ಹೆಡ್‌ಮೇಡಂ ಹಿಂದಿನ ದಿನವೇ ಎಚ್ಚರಿಸಿದ್ದರು. ನಿವೃತ್ತಿಗೆ ಇನ್ನೆರಡು ವರ್ಷ. ಅದನ್ನು ಈ ಕೋಣೆಯಲ್ಲೇ, ಊಟದ ಬಿಡುವಿನಲ್ಲಿ ಓಡಿಬಂದು ನೆಲದ ಮೇಲೆ ಬೋರಲು ಮಲಗಿ ಓದುವ ಮಕ್ಕಳ ಜೊತೆ ಕಳೆಯಬೇಕೆಂಬುದು ಬಿಟ್ಟರೆ ಅವರಿಗೆ ಬೇರೆ ಆಸೆಯಿರಲಿಲ್ಲ.

ಸುದ್ದಿ ಕೇಳಿ ಉಪಕಾರಿಗಳು ನೆರೆದರು. ಡ್ರಾಯಿಂಗ್ ಮೇಷ್ಟ್ರು ರಬ್ಬರಿನಿಂದ ಉಜ್ಜಿದರು. ರಬ್ಬರು ನೇರಳೆಯಾಯಿತು, ಮೊಹರು ಹಾಗೇ ಇತ್ತು. ವಿಜ್ಞಾನದ ಮೇಡಂ ಪ್ರಯೋಗಾಲಯದಿಂದ ಏನೋ ದ್ರಾವಣ ತಂದು ಒರೆಸಿದರು; ಗಾಜಿನ ಅಂಚು ಮಂಜಾಯಿತು. ಆಯಾ ನೆಲ ಒರೆಸುವ ಬಟ್ಟೆ ಹಿಡಿದು ಮುಂದೆ ಬಂದಾಗ ಮೇಷ್ಟ್ರು ಕೈಮುಗಿದರು.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕನ್ನಡಕ ಹಾಕಿ ನೋಡಿದಳು. “ಸರ್, ಚಂದ್ರನ ಮೇಲೆ ಇನ್ನೊಂದು ಚಂದ್ರ ಇದೆ, ನೇರಳೆ ಬಣ್ಣದ್ದು. ಚೆನ್ನಾಗೇ ಇದೆ.” ಮೇಷ್ಟ್ರ ಮುಖ ನೋಡಿ ಮೆಲ್ಲಗೆ ಸೇರಿಸಿದಳು, “ಅಳಬೇಡಿ ಸರ್. ನಾನೇ ಒತ್ತಿದ್ದು ಅಂತ ಹೇಳ್ತೀನಿ.”

ಮೇಷ್ಟ್ರಿಗೆ ನಿಜವಾಗಿ ಅಳು ಬಂದದ್ದು ಆಗ.

ಸಾಹೇಬರು ಬಂದರು, ಕನ್ನಡಕ ಕಟ್ಟಿಕೊಂಡರು.

“ಈ ಎಡಗಡೆ ನೇರಳೆ ಸೂರ್ಯ ಯಾವುದ್ರೀ?”

ಹುಡುಗಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿಬಿಟ್ಟರು, “ನಂದೇ ತಪ್ಪು ಸರ್. ಅಭ್ಯಾಸಬಲ, ಮೊಹರು ಒತ್ಬಿಟ್ಟೆ.”

ಸಾಹೇಬರು ಕನ್ನಡಕ ಬಿಚ್ಚಿ, ಗಾಜಿನ ಮೇಲಿದ್ದ ಶಾಲೆಯ ಹೆಸರನ್ನು ಓದಿದರು. ಆಮೇಲೆ ಮೇಷ್ಟ್ರ ಬೆನ್ನು ತಟ್ಟಿದರು. “ತಪ್ಪೇನ್ ಬಂತು? ಈ ವಾರ ಐದು ಶಾಲೆ ನೋಡ್ದೆ. ಐದ್ರಲ್ಲೂ ಅದೇ ಕನ್ನಡಕ, ಅದೇ ಗೀರು. ನಾನು ಹೋಗೋಕೆ ಮುಂಚೆ ಅದು ಅಲ್ಲಿ ಹೋಗಿ ಕೂತಿರುತ್ತೆ. ಇದನ್ನ ಮಾತ್ರ ಯಾರೂ ಎರವಲು ತಗೊಂಡು ತಮ್ಮದು ಅನ್ನೋಕಾಗಲ್ಲ.”

ಬದುಕಿದೆಯಾ ಬಡಜೀವವೇ ಎಂದು ಮೇಷ್ಟ್ರು ಉಸಿರು ಬಿಟ್ಟು ಹುಡುಗಿಯತ್ತ ನೋಡಿ ನಕ್ಕರು. ಅವಳೂ ನಕ್ಕಳು.

ಸಾಹೇಬರು ಹೆಡ್‌ಮೇಡಂ ಕಡೆ ತಿರುಗಿದರು. “ಇಂಥೋರನ್ನ ಒಂದೇ ಕೋಣೇಲಿ ಕೂರಿಸಬಾರದು ಮೇಡಂ. ಸೋಮವಾರದಿಂದ ನಮ್ಮ ಕಚೇರಿಗೆ ಕಳಿಸಿ. ನಿವೃತ್ತಿ ಆಗೋವರೆಗೂ ಶಾಲೆ ಶಾಲೆ ಸುತ್ತಿ ಎಲ್ಲ ಕನ್ನಡಕಕ್ಕೂ ಮೊಹರು ಒತ್ತಲಿ.”

ಎಲ್ಲರೂ ಚಪ್ಪಾಳೆ ತಟ್ಟಿದರು, ಹುಡುಗಿಯೊಬ್ಬಳನ್ನು ಬಿಟ್ಟು. ಹೆಡ್‌ಮೇಡಂ ಹೆಮ್ಮೆಯಿಂದ ಕೈ ಚಾಚಿದರು. ಕುಲುಕಲಿಕ್ಕೆಂದು ಮೇಷ್ಟ್ರೂ ಕೈ ನೀಡಿದರು.

“ಅಭಿನಂದನೆ ಸರ್,” ಎಂದರು ಹೆಡ್‌ಮೇಡಂ. “ಲೈಬ್ರರಿ ಬೀಗದ ಕೈ ಕೊಡಿ.”